ನೆಲದಲ್ಲಿ ಕಾದಿರುವ ಚಿಗಟ

ನಾಯಿ ಅಥವಾ ಬೆಕ್ಕು ಇರುವ ಮನೆಯಲ್ಲಿ ಚಿಗಟದ ಕಾಟ ಕಾಣಿಸಿಕೊಂಡಾಗ ಸಾಮಾನ್ಯವಾಗಿ ಮೊದಲು ನಡೆಯುವುದು ಪ್ರಾಣಿಗೆ ಸ್ನಾನ ಮತ್ತು ಕೋಣೆಗೆ ಕೀಟನಾಶಕದ ಸಿಂಪಡಣೆ. ಅದರಿಂದ ಕೆಲವು ದಿನ ಕಡಿತ ತಗ್ಗಿದರೂ ಎರಡು ವಾರ ಕಳೆಯುವಷ್ಟರಲ್ಲಿ ಮೊಣಕಾಲಿನ ಕೆಳಗೆ ತುರಿಸುವ ಕೆಂಪು ದದ್ದುಗಳು ಮತ್ತೆ ಏಳುತ್ತವೆ, ಮನೆಯವರು ಔಷಧಿ ಕಳಪೆಯೆಂದು ದೂರಿ ಇನ್ನೊಂದನ್ನು ತರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಔಷಧಿಯದಲ್ಲ. ಚಿಗಟದ ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗವು ಪ್ರಾಣಿಯ ಮೈಮೇಲಲ್ಲದೆ ಮನೆಯ ನೆಲದಲ್ಲಿ ಕಣ್ಣಿಗೆ ಬೀಳದಂತೆ ಸಾಗುತ್ತದೆಂಬುದನ್ನು ಗಮನಿಸದೆ ಮಾಡಿದ ಚಿಕಿತ್ಸೆ ಅರ್ಧದಲ್ಲೇ ನಿಂತಿರುತ್ತದೆ.

ಚಿಗಟವು ರೆಕ್ಕೆಯಿಲ್ಲದ, ಆರು ಕಾಲಿನ, ರಕ್ತ ಹೀರಿ ಬದುಕುವ ಕೀಟ. ಜಗತ್ತಿನಲ್ಲಿ ಇದರ ಸುಮಾರು 2,500 ಪ್ರಭೇದಗಳು ಗುರುತಿಸಲ್ಪಟ್ಟಿದ್ದು, ಮನೆಗಳನ್ನು ಕಾಡುವುದರಲ್ಲಿ ಮುಂದಿರುವುದು ಬೆಕ್ಕಿನ ಚಿಗಟವೆಂದು ಹೆಸರಾದ ಟೆನೊಸೆಫಾಲೈಡಿಸ್ ಫೆಲಿಸ್. ಹೆಸರು ಬೆಕ್ಕಿನದಾದರೂ ನಾಯಿಯ ಮೈಯಲ್ಲೂ ಅದು ಅಷ್ಟೇ ಧಾರಾಳವಾಗಿ ನೆಲೆಸುತ್ತದೆ. ಭಾರತದಲ್ಲಿ ಇದರ ಹತ್ತಿರದ ಬಂಧುವಾದ ಟೆನೊಸೆಫಾಲೈಡಿಸ್ ಓರಿಯಂಟಿಸ್ ನಾಯಿಗಳ ಜೊತೆಗೆ ಆಡು-ಕುರಿಗಳನ್ನೂ ಹಿಡಿಯುವುದರಿಂದ, ಹಳ್ಳಿಯ ಮನೆಗಳಲ್ಲಿ ಕಾಟದ ಮೂಲವು ಅನೇಕ ಸಲ ಮಲಗುವ ಕೋಣೆಯಲ್ಲಿರದೆ ಪಕ್ಕದ ಕೊಟ್ಟಿಗೆಯಲ್ಲಿರುತ್ತದೆ. ಎಂಟು ಕಾಲಿನ ಉಣ್ಣೆ ಚರ್ಮಕ್ಕೆ ಕಚ್ಚಿಕೊಂಡು ದಿನಗಟ್ಟಲೆ ಅಲುಗದಿದ್ದರೆ, ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾದ, ಎರಡು-ಮೂರು ಮಿಲಿಮೀಟರಿನ ಈ ಕಂದು ಕೀಟ ಕೂದಲ ನಡುವೆ ಸರಾಗವಾಗಿ ನುಸುಳುತ್ತದೆ. ಮೈಮೇಲಿನ ಹಿಮ್ಮುಖ ಮುಳ್ಳುಗಳು ಅದನ್ನು ಕೆರೆದು ಕೆಡವುವುದನ್ನು ಕಷ್ಟವಾಗಿಸುತ್ತವೆ.

ಚಿಗಟದ ಜಿಗಿತ ವಿಜ್ಞಾನಿಗಳನ್ನು ದೀರ್ಘಕಾಲ ಕೆಣಕಿದ ವಿಷಯ. ಯಾವ ಸ್ನಾಯುವೂ ಅಷ್ಟು ಶೀಘ್ರವಾಗಿ ಸಂಕುಚಿಸಲಾರದು; ಚಿಗಟವು ಎದೆಯ ಭಾಗದಲ್ಲಿರುವ ರೆಸಿಲಿನ್ ಎಂಬ, ರಬ್ಬರಿನಂತೆ ಹಿಗ್ಗಿಕುಗ್ಗುವ ಪ್ರೋಟೀನನ್ನು ಮೊದಲು ನಿಧಾನವಾಗಿ ಅದುಮಿ, ಹಾಗೆ ಕೂಡಿಟ್ಟ ಶಕ್ತಿಯನ್ನು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಬಿಡುಗಡೆ ಮಾಡುತ್ತದೆಂಬುದನ್ನು 1967ರಲ್ಲಿ ಬೆನೆಟ್-ಕ್ಲಾರ್ಕ್ ಮತ್ತು ಲೂಸಿ ವಿವರಿಸಿದರು. ಆ ಶಕ್ತಿ ನೆಲಕ್ಕೆ ತಲುಪುವುದು ಕಾಲಿನ ಯಾವ ಭಾಗದಿಂದ ಎಂಬ ವಾದ ಮಾತ್ರ ಮುಗಿಯದೆ ಉಳಿದು, 2011ರಲ್ಲಿ ಕೇಂಬ್ರಿಜ್‌ನ ಸಟನ್ ಮತ್ತು ಬರೋಸ್ ಅತಿವೇಗದ ಕ್ಯಾಮೆರಾ ಬಳಸಿ, ಚಿಗಟ ನೆಲವನ್ನು ಒತ್ತುವುದು ಕಾಲಿನ ತುದಿಯ ಭಾಗಗಳಿಂದಲೇ ಎಂದು ತೋರಿಸಿದರು. ಇಷ್ಟೆಲ್ಲ ಸಾಧನವಿದ್ದರೂ ವಯಸ್ಕ ಚಿಗಟಕ್ಕೆ ಜಿಗಿತದ ನಿಜವಾದ ಅಗತ್ಯ ಬೀಳುವುದು ಬಹುಮಟ್ಟಿಗೆ ಒಮ್ಮೆ, ನೆಲದಿಂದ ಪ್ರಾಣಿಯ ಮೈಗೆ ಏರುವಾಗ. ಏರಿದ ಮೇಲೆ ಅದು ತಾನಾಗಿ ಇಳಿಯುವುದು ವಿರಳ. ಆದ್ದರಿಂದ ಮನುಷ್ಯರ ಕಾಲಿಗೆ ಕಚ್ಚುವ ಚಿಗಟಗಳಲ್ಲಿ ಹೆಚ್ಚಿನವು ನಾಯಿಯ ಮೈಯಿಂದ ಹಾರಿದವಲ್ಲ, ನೆಲದಲ್ಲಿ ಆಗತಾನೆ ಹುಟ್ಟಿ ಹಸಿದಿರುವವು.

ಮೈಯೇರಿದ ಕೆಲವೇ ನಿಮಿಷಗಳಲ್ಲಿ ರಕ್ತ ಹೀರಲು ತೊಡಗುವ ಹೆಣ್ಣು ಒಂದೆರಡು ದಿನಗಳಲ್ಲಿ ಮೊಟ್ಟೆಯಿಡಲಾರಂಭಿಸಿ, ದಿನಕ್ಕೆ 40-50ರವರೆಗೂ ಇಡಬಲ್ಲದು. ಹೇನಿನ ಸೀರು ಕೂದಲಿಗೆ ಅಂಟಿಕೊಂಡರೆ, ಚಿಗಟದ ನುಣುಪಾದ ಬಿಳಿ ಮೊಟ್ಟೆ, ಅರ್ಧ ಮಿಲಿಮೀಟರಿನಷ್ಟು ಸಣ್ಣದು, ಮೈಯಿಂದ ಉದುರಿ ಪ್ರಾಣಿ ಮಲಗುವ, ಒರಗುವ, ಮೈಕೊಡವುವ ಕಡೆಗಳಲ್ಲೆಲ್ಲ ಹರಡುತ್ತದೆ. ಅದರೊಂದಿಗೇ ಉದುರುವ ಇನ್ನೊಂದು ವಸ್ತು ವಯಸ್ಕ ಚಿಗಟದ ಹಿಕ್ಕೆ. ಬಹುಪಾಲು ಜೀರ್ಣವಾಗದೆ ಹೊರಬಿದ್ದ ರಕ್ತವೇ ಒಣಗಿ ಕರಿಯ ಪುಡಿಯಾಗಿರುವ ಇದು ನೆಲದಲ್ಲಿ ಹುಟ್ಟುವ ಮರಿಹುಳುಗಳಿಗೆ ಮುಖ್ಯ ಆಹಾರ. ಬೆಕ್ಕುಗಳು ಮೈನೆಕ್ಕುವಾಗ ಚಿಗಟಗಳನ್ನು ನುಂಗಿಬಿಡುವುದರಿಂದ ಕೀಟ ಕಣ್ಣಿಗೆ ಬೀಳದಿರಬಹುದು. ಆಗ ಬಾಚಣಿಗೆಯಿಂದ ಉದುರಿದ ಕರಿಯ ಪುಡಿಯನ್ನು ಒದ್ದೆಯ ಬಿಳಿ ಕಾಗದದ ಮೇಲೆ ಹಾಕಿ, ಅದರ ಸುತ್ತ ಕೆಂಗಂದು ಬಣ್ಣ ಹರಡುತ್ತದೆಯೇ ಎಂದು ನೋಡುವುದು ಸರಳವಾದ, ನಂಬಬಹುದಾದ ಪರೀಕ್ಷೆ.

ಕಾಲಿಲ್ಲದ, ಎಳೆಯಂತಿರುವ ಮರಿಹುಳುಗಳು ಬೆಳಕಿನಿಂದ ದೂರ ಸರಿದು ಚಾಪೆ, ಕಾರ್ಪೆಟ್, ಸೋಫಾದ ಅಡಿ, ಬಿರುಕುಬಿಟ್ಟ ಮಣ್ಣಿನ ನೆಲ, ಗೋಣಿಚೀಲಗಳ ರಾಶಿ ಇವುಗಳ ಒಳಕ್ಕೆ ಸೇರುತ್ತವೆ. ಇವುಗಳ ದೌರ್ಬಲ್ಯವೆಂದರೆ ಒಣಹವೆ: ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ನಿಜವಾಗಿ ಇರುವ ಪಾಲು, ಶೇಕಡಾ 50ಕ್ಕಿಂತ ಕೆಳಗಿಳಿದರೆ ಅವು ಒಣಗಿ ಸಾಯುತ್ತವೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಇವುಗಳಿಗೆ ಹೇಳಿಮಾಡಿಸಿದ ಕಾಲ. ಬಿಸಿಲು ನೇರವಾಗಿ ಬೀಳುವ ಅಂಗಳದಲ್ಲಿ ಅವು ಉಳಿಯುವುದಿಲ್ಲ.

ನಿರ್ಮೂಲನೆಯ ನಿಜವಾದ ತೊಡಕು ಇರುವುದು ಮುಂದಿನ ಹಂತವಾದ ಕೋಶಾವಸ್ಥೆಯಲ್ಲಿ. ಬೆಳೆದ ಮರಿಹುಳು ರೇಷ್ಮೆಹುಳುವಿನ ಹಾಗೆ ತನ್ನ ಸುತ್ತ ನೂಲಿನ ಗೂಡು ನೇಯುತ್ತದೆ. ಆ ಗೂಡಿನ ಅಂಟುಮೈಗೆ ಧೂಳು, ಮರಳು, ಬಟ್ಟೆಯ ಎಳೆಗಳು ಮೆತ್ತಿಕೊಂಡು ಸುತ್ತಲ ಕಸದಿಂದ ಅದನ್ನು ಬೇರ್ಪಡಿಸಿ ಗುರುತಿಸಲಾಗದಂತಾಗುವುದಲ್ಲದೆ, ಸಿಂಪಡಿಸಿದ ಕೀಟನಾಶಕವೂ ಒಳಗಿನ ಜೀವಿಯನ್ನು ಸರಿಯಾಗಿ ಮುಟ್ಟುವುದಿಲ್ಲ. ಒಳಗೆ ಪೂರ್ಣ ಬೆಳೆದ ಚಿಗಟ ಕೂಡಲೇ ಹೊರಬರದೆ, ಪ್ರಾಣಿಯೊಂದು ಹತ್ತಿರವಿರುವ ಸೂಚನೆಗಾಗಿ, ಎಂದರೆ ಕಾಲ್ತುಳಿತದ ಒತ್ತಡ, ಕಂಪನ, ಮೈಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವುಗಳಿಗಾಗಿ ಕಾದಿರಬಲ್ಲದು. ತಂಪಾದ, ತೇವವಿರುವ ಜಾಗದಲ್ಲಿ ಈ ಕಾಯುವಿಕೆ ಐದು ತಿಂಗಳವರೆಗೂ ಮುಂದುವರಿಯಬಹುದು. ಬಹುಕಾಲ ಬೀಗ ಹಾಕಿದ್ದ ಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟವರ ಮೇಲೆ ಒಮ್ಮೆಲೇ ನೂರಾರು ಚಿಗಟಗಳು ಏರುವುದು ಈ ಕಾರಣದಿಂದ. ಅದಕ್ಕೆ ಮಾಟಮಂತ್ರದ ವಿವರಣೆ ಹುಡುಕಬೇಕಾಗಿಲ್ಲ.

ಹೀಗಿರುವಾಗ ಪರಿಹಾರವು ಪ್ರಾಣಿ ಮತ್ತು ನೆಲ ಎರಡರಲ್ಲೂ ಏಕಕಾಲಕ್ಕೆ ಆರಂಭವಾಗಿ, ಕಡೆಯ ಗೂಡು ಒಡೆಯುವವರೆಗೆ ನಡೆಯಬೇಕಾಗುತ್ತದೆ. ಫಿಪ್ರೊನಿಲ್, ಸೆಲಮೆಕ್ಟಿನ್, ಫ್ಲೂರಲೇನರ್ ಮೊದಲಾದ ಔಷಧಿಗಳಲ್ಲಿ ಪ್ರಾಣಿಯ ಜಾತಿ, ತೂಕ ಮತ್ತು ವಯಸ್ಸಿಗೆ ತಕ್ಕುದನ್ನು ಪಶುವೈದ್ಯರು ಸೂಚಿಸುತ್ತಾರೆ. ಮನೆಯ ಎಲ್ಲ ನಾಯಿ-ಬೆಕ್ಕುಗಳಿಗೂ ಒಟ್ಟಿಗೆ, ತುರಿಕೆಯಿಲ್ಲದವಕ್ಕೂ ಸೇರಿಸಿ, ಕನಿಷ್ಠ ಮೂರು ತಿಂಗಳು ತಪ್ಪದೆ ಹಾಕಿದರೆ ಆ ಪ್ರಾಣಿಗಳೇ ನೆಲದ ಹೊಸ ಚಿಗಟಗಳಿಗೆ ಬಲೆಯಾಗುತ್ತವೆ, ಏಕೆಂದರೆ ಮೈಯೇರಿದವು ಮೊಟ್ಟೆಯಿಡುವ ಮುನ್ನವೇ ಸಾಯುತ್ತವೆ. ನೆಲದ ಮಟ್ಟಿಗೆ ದುಬಾರಿ ರಾಸಾಯನಿಕಗಳಿಗಿಂತ ದಿನನಿತ್ಯದ ಗುಡಿಸುವಿಕೆ, ಹಾಸಿಗೆ-ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕುವುದು, ವ್ಯಾಕ್ಯೂಮ್ ಕ್ಲೀನರ್ ಇವೇ ಹೆಚ್ಚು ಕೆಲಸ ಮಾಡುತ್ತವೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವ್ಯಾಕ್ಯೂಮ್ ಕ್ಲೀನರಿನೊಳಗೆ ಸೆಳೆಯಲ್ಪಟ್ಟ ವಯಸ್ಕ ಚಿಗಟಗಳಲ್ಲಿ ಶೇಕಡಾ 96ರಷ್ಟು ಸತ್ತಿದ್ದವು. ಯಂತ್ರದ ಕಂಪನವು ಗೂಡಿನಲ್ಲಿ ಉಳಿದವನ್ನು ಎಬ್ಬಿಸಿ ಹೊರತರುವುದು ಇನ್ನೊಂದು ಲಾಭ. ಸಿಂಪಡಣೆ ಬೇಕೇಬೇಕೆನ್ನಿಸಿದರೆ, ಬರಿಯ ಕೀಟನಾಶಕಕ್ಕಿಂತ ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಸೇರಿರುವ ಮಿಶ್ರಣ ಮೇಲು. ಕೀಟ ಬೆಳವಣಿಗೆ ನಿಯಂತ್ರಕಗಳೆಂದು ಕರೆಯಲಾಗುವ ಇವು ಕೀಟದ ಬಾಲ್ಯಾವಸ್ಥೆಯ ಹಾರ್ಮೋನನ್ನು ಅನುಕರಿಸಿ, ಮೊಟ್ಟೆ ಮತ್ತು ಮರಿಹುಳು ಮುಂದಿನ ಹಂತಕ್ಕೆ ದಾಟದಂತೆ ತಡೆಯುತ್ತವೆ. ಆದರೆ ಈಗಾಗಲೇ ಗೂಡು ಕಟ್ಟಿಕೊಂಡವು ವಾರಗಟ್ಟಲೆ ಹೊರಬರುತ್ತಲೇ ಇರುತ್ತವೆ. ಆ ಅವಧಿಯಲ್ಲಿ ಕಾಣುವ ಚಿಗಟಗಳು ಚಿಕಿತ್ಸೆ ಸೋತದ್ದಕ್ಕೆ ಸಾಕ್ಷಿಯಲ್ಲ.

ಬೆಕ್ಕಿನ ವಿಷಯದಲ್ಲಿ ಪ್ರತ್ಯೇಕ ಎಚ್ಚರಿಕೆ ಬೇಕು. ಫೀನಾಲ್ ವರ್ಗದಂಥ ರಾಸಾಯನಿಕಗಳನ್ನು ನಿರ್ವಿಷಗೊಳಿಸಿ ಹೊರಹಾಕುವ ಕಿಣ್ವವೊಂದು ಬೆಕ್ಕಿನ ಯಕೃತ್ತಿನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ, ಬೆಕ್ಕು ಮಲಗುವ ನೆಲವನ್ನು ಫಿನಾಯಿಲ್‌ನಿಂದ ಒರೆಸುವುದೂ ಅಪಾಯಕರ. ನಾಯಿಗಾಗಿ ತಯಾರಿಸಿದ, ಪರ್ಮೆಥ್ರಿನ್ ಇರುವ ಹನಿ ಔಷಧಿಯನ್ನು ಉಳಿತಾಯದ ದೃಷ್ಟಿಯಿಂದ ಬೆಕ್ಕಿಗೂ ಹಾಕಿದರೆ ಅದು ನಡುಕ, ಸೆಳವು ಬಂದು ಸಾಯಬಹುದು. ಸೀಮೆಎಣ್ಣೆ ಸವರುವ ಹಳೆಯ ರೂಢಿ ಯಾವ ಪ್ರಾಣಿಗೂ ತಕ್ಕುದಲ್ಲ.

ಕಾಟಕ್ಕೆ ಮೂಲ ಇಲಿಗಳಾಗಿದ್ದರೆ ಕ್ರಮ ಬದಲಾಗುತ್ತದೆ. ಇಲಿಯ ಚಿಗಟವಾದ ಜೆನಾಪ್ಸಿಲಾ ಕಿಯಾಪಿಸ್ ಪ್ಲೇಗ್ ರೋಗದ ಮುಖ್ಯ ವಾಹಕ. ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ ರೋಗವು ಇಲಿಯಿಂದ ಇಲಿಗೆ ಚಿಗಟದ ಮೂಲಕ ದಾಟುವುದನ್ನು ತೋರಿಸಿದರೂ ಸಮಕಾಲೀನರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಅದೇ ವರ್ಷ ಪ್ಲೇಗ್ ಬೆಂಗಳೂರಿಗೂ ಹಬ್ಬಿ, ಇಕ್ಕಟ್ಟಾದ ಪೇಟೆಯ ಆಚೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆಯಲು ಕಾರಣವಾಯಿತು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ತೊರೆದು ಹತ್ತಿರದ ಬೆಚ್ಚನೆಯ ಮೈಯನ್ನು, ಅದು ಮನುಷ್ಯರದಾದರೂ ಸರಿ, ಹುಡುಕುತ್ತವೆ. ಆದಕಾರಣ ಅಂಥ ಮನೆ, ಗೋದಾಮುಗಳಲ್ಲಿ ಮೊದಲು ಇಲಿಯ ಬಿಲ ಮತ್ತು ಓಡಾಟದ ದಾರಿಗಳಲ್ಲಿ ಚಿಗಟಕ್ಕೆ ಔಷಧಿ ಹಾಕಿ, ಆ ಬಳಿಕವೇ ಇಲಿಪಾಷಾಣ ಇಡುವುದು ಸರಿಯಾದ ಕ್ರಮ.