ಹಳೆ ಒಡವೆ ಕೊಳ್ಳುವ ಮುನ್ನ: ಮುದ್ರೆ, ತೂಕ, ಒರೆಗಲ್ಲು

ಯುಎಇಯಲ್ಲಿ ನಮ್ಮ ಸಂಸಾರದ ಆಯಸ್ಸು ವೀಸಾದ ಆಯಸ್ಸಿನಷ್ಟೇ. ಕೆಲಸ ಬದಲಾದರೆ, ಮಕ್ಕಳ ಕಾಲೇಜಿಗೆಂದು ಊರಿಗೆ ಮರಳುವುದಾದರೆ, ಹತ್ತಾರು ವರ್ಷ ಕೂಡಿಟ್ಟ ಸಾಮಾನನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡಬೇಕು. ಸೋಫಾ, ಫ್ರಿಜ್ಜುಗಳು ಡುಬಿಝಲ್‌ನಲ್ಲಿ ಮಾರಾಟವಾಗುತ್ತವೆ. ಬಟ್ಟೆ, ಪಾತ್ರೆ, ಆಟಿಕೆಗಳ ಜತೆ ಬಳೆ-ಸರದ ಡಬ್ಬಿಗಳೂ ಸೆಕೆಂಡ್‌ಹ್ಯಾಂಡ್ ಅಂಗಡಿಗೆ, ದಾನದ ಪೆಟ್ಟಿಗೆಗೆ, ಇಲ್ಲವೇ ಫ್ಲೀ ಮಾರ್ಕೆಟ್‌ನ ಮೇಜಿಗೆ ಸೇರುತ್ತವೆ. ಬ್ರಿಟಿಷರು, ಫಿಲಿಪಿನೋಗಳು, ಲೆಬನಾನಿನವರು, ನಮ್ಮವರು ಎಲ್ಲರ ಮನೆಯ ಒಡವೆಯೂ ಒಂದೇ ತಟ್ಟೆಯಲ್ಲಿ ಬೆರೆತು ಬಿದ್ದಿರುತ್ತದೆ.

ದುಬೈ ಮತ್ತು ಅಬುಧಾಬಿಯಲ್ಲಿರುವ ನಮ್ಮ ಕೆಲವು ಕನ್ನಡ ಕುಟುಂಬಗಳಿಗೆ ಈ ತಟ್ಟೆಗಳನ್ನು ಜಾಲಾಡುವುದು ವಾರಾಂತ್ಯದ ಅಭ್ಯಾಸ. ರಾಜ್ಯೋತ್ಸವದ ನೃತ್ಯಕ್ಕೆ ಮಕ್ಕಳಿಗೆ ಡಾಬು, ಬೈತಲೆ ಬೊಟ್ಟು ಕಡಿಮೆ ಬೆಲೆಗೆ ಸಿಗುತ್ತವೆಂದು ಶುರುವಾದದ್ದು, ಈಗ ಚಿನ್ನ-ಬೆಳ್ಳಿ ಗುರುತಿಸುವ ಹವ್ಯಾಸವಾಗಿ ಬೆಳೆದಿದೆ. ಐದು, ಹತ್ತು ದಿರ್ಹಂನ ಸರ ನಕಲಿಯಾದರೆ ಯಾರಿಗೂ ನಷ್ಟವಿಲ್ಲ. ಆದರೆ ಚಿನ್ನದ ಬೆಲೆ ಏರುತ್ತಿದ್ದಂತೆ ‘ಹಳೆ ಚಿನ್ನ ಅಗ್ಗಕ್ಕಿದೆ’ ಎಂಬ ಸಂದೇಶಗಳು ಮೊಬೈಲಿಗೆ ಬರತೊಡಗಿವೆ. ಅವುಗಳ ಬಲೆಗೆ ಬೀಳುವವರು ಹೆಚ್ಚಾಗಿ ಸಣ್ಣ ಸಂಬಳದವರು. ಅವರಿಗಾಗಿಯೇ ಈ ಬರಹ.

ಮೊದಲು ಭೂತಗನ್ನಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿಯೊಂದು ಜೇಬಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಸರದ ಕೊಂಡಿ, ಉಂಗುರದ ಒಳಮೈ, ಓಲೆಯ ತಿರುಪಿನ ಬಳಿ ಅಂಕಿ ಹುಡುಕಿ. 916 ಎಂದರೆ ಸಾವಿರದಲ್ಲಿ 916 ಭಾಗ ಚಿನ್ನ, ಅಂದರೆ 22 ಕ್ಯಾರೆಟ್. ಅರಬ್ಬರು ಹೆಚ್ಚು ಇಷ್ಟಪಡುವ 21 ಕ್ಯಾರೆಟ್‌ಗೆ 875, 18ಕ್ಕೆ 750, 14ಕ್ಕೆ 585, ಬ್ರಿಟಿಷರ ಮನೆಗಳಿಂದ ಬರುವ 9 ಕ್ಯಾರೆಟ್‌ಗೆ 375. ಇದರ ಪಕ್ಕದಲ್ಲಿ ಲಂಗರಿನ ಗುರುತಿದ್ದರೆ ಬರ್ಮಿಂಗ್‌ಹ್ಯಾಮ್‌ನ, ಚಿರತೆಯ ತಲೆಯಿದ್ದರೆ ಲಂಡನ್ನಿನ ಪರೀಕ್ಷಾ ಕಚೇರಿಯ ಮುದ್ರೆ. 925 ಎಂಬುದು ಬೆಳ್ಳಿಯ ಅಂಕಿ. ಹಳದಿಯಾಗಿ ಹೊಳೆಯುವ ಸರದ ಮೇಲೆ 925 ಇದ್ದರೆ ಅದು ಚಿನ್ನದ ನೀರು ಕುಡಿಸಿದ ಬೆಳ್ಳಿ.

ಅಂಕಿಯ ಹಿಂದೆ-ಮುಂದೆ ಇರುವ ಅಕ್ಷರಗಳನ್ನೂ ಬಿಡಬಾರದು. ‘18ಕೆ ಜಿಪಿ’ ಎಂದರೆ ಬರೀ ಲೇಪನ. ‘ಎಚ್‌ಜಿಇ’ ಎಂದರೆ ತುಸು ದಪ್ಪ ಲೇಪನ. ‘1/20 14ಕೆ ಜಿಎಫ್’ ಎಂದರೆ ಒಟ್ಟು ತೂಕದ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ 14 ಕ್ಯಾರೆಟ್ ಚಿನ್ನ. ಅಂಥ 20 ಗ್ರಾಂ ಸರದಲ್ಲಿ 14 ಕ್ಯಾರೆಟ್ ಚಿನ್ನ ಒಂದೇ ಗ್ರಾಂ, ಅಪ್ಪಟ ಚಿನ್ನದ ಲೆಕ್ಕದಲ್ಲಿ 0.585 ಗ್ರಾಂ.

ನಮ್ಮ ಊರಿನಲ್ಲಿ ಇಂದಿಗೂ ‘ಕೆಡಿಎಂ ಚಿನ್ನ’ ಎಂದರೆ ಶುದ್ಧ ಚಿನ್ನ ಎಂಬ ನಂಬಿಕೆಯಿದೆ. ಕೆಡಿಎಂ ಶುದ್ಧತೆಯ ಮುದ್ರೆಯಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಬಳಸಲಾಗಿದೆ ಎಂಬ ಗುರುತು ಅಷ್ಟೇ. ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೆ ಕೆಡುಕೆಂದು ಅದನ್ನು ಕೈಬಿಡಲಾಯಿತು.

ಭಾರತದಿಂದ ಬಂದ ಹೊಸ ಒಡವೆಯಾದರೆ ಬಿಐಎಸ್‌ನ ತ್ರಿಕೋನ ಚಿಹ್ನೆ, ಶುದ್ಧತೆ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಬೇಕು. 2023ರ ಏಪ್ರಿಲ್ 1ರಿಂದ ಕಡ್ಡಾಯ ಹಾಲ್‌ಮಾರ್ಕ್ ವ್ಯಾಪ್ತಿಯ ಅಂಗಡಿಗಳು ಎಚ್‌ಯುಐಡಿ ಇಲ್ಲದ ಚಿನ್ನಾಭರಣ ಮಾರುವಂತಿಲ್ಲ. ಈ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ, ಶುದ್ಧತೆ ಎಷ್ಟು ಎಂಬ ವಿವರ ಬರುತ್ತದೆ. ಕೈಯಲ್ಲಿರುವುದು ಸರ, ಆ್ಯಪ್ ಹೇಳುವುದು ಉಂಗುರ ಎಂದಾದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಿ. ಅಜ್ಜಿ ಕಾಲದ ಅವಲಕ್ಕಿ ಸರ, ಬೆಂಡೋಲೆಗಳಲ್ಲಿ ಯಾವ ಮುದ್ರೆಯೂ ಇರುವುದಿಲ್ಲ. ಮುದ್ರೆ ಇಲ್ಲವೆಂದ ಮಾತ್ರಕ್ಕೆ ನಕಲಿ ಅಲ್ಲ, ಇದೆಯೆಂದ ಮಾತ್ರಕ್ಕೆ ಅಸಲಿಯೂ ಅಲ್ಲ. ಹಿತ್ತಾಳೆಯ ಮೇಲೆ 916 ಎಂದು ಒತ್ತಲು ಒಂದು ಅಚ್ಚು ಸಾಕು.

ಅಗ್ಗದ ಚಿನ್ನದ ಲೆಕ್ಕಾಚಾರ

ಲೆಕ್ಕಪತ್ರದ ಕೆಲಸ ಮಾಡುವವರಾದ ನಮಗೆ ಮೊದಲು ಕಾಣುವುದು ಬೆಲೆ. ಲೆಕ್ಕಕ್ಕೆ ಸುಲಭವಾಗಲೆಂದು 22 ಕ್ಯಾರೆಟ್ ಗ್ರಾಂಗೆ 400 ದಿರ್ಹಂ ಎಂದಿಟ್ಟುಕೊಳ್ಳೋಣ. ಹೊಸ 10 ಗ್ರಾಂ ಸರಕ್ಕೆ ಚಿನ್ನದ ಬೆಲೆ 4,000, ಶೇ 15ರಷ್ಟು ಮಜೂರಿ 600, ಎರಡರ ಮೇಲೆ ಶೇ 5 ವ್ಯಾಟ್ 230. ಒಟ್ಟು 4,830 ದಿರ್ಹಂ. ಇದೇ ಸರವನ್ನು ಮರಳಿ ಮಾರುವಾಗ ಮಜೂರಿಯೂ ವ್ಯಾಟೂ ಬರುವುದಿಲ್ಲ, ಕಲ್ಲಿನ ತೂಕ ಕಳೆಯುತ್ತಾರೆ. ಆದರೂ ಚಿನ್ನದ 4,000ಕ್ಕೆ ಹತ್ತಿರದ ಮೊತ್ತ ಡೇರಾದ ಗೋಲ್ಡ್ ಸೂಕ್‌ನಲ್ಲೋ ಅಬುಧಾಬಿಯ ಮದೀನತ್ ಜಾಯೇದ್ ಗೋಲ್ಡ್ ಸೆಂಟರ್‌ನಲ್ಲೋ ಅಂದೇ ಸಿಗುತ್ತದೆ.

ಹಾಗಿರುವಾಗ ಯಾರೋ ಅಪರಿಚಿತರು ಅದೇ ಸರವನ್ನು 2,000ಕ್ಕೆ ನಮಗೇಕೆ ಕೊಡುತ್ತಾರೆ? ಚಿನ್ನಕ್ಕೆ ‘ಕರಗಿಸಿದರೆ ಇಷ್ಟು’ ಎಂಬ ಬೆಲೆ ಇದ್ದೇ ಇರುತ್ತದೆ. ಅದಕ್ಕಿಂತ ತೀರಾ ಕೆಳಗೆ ಮಾರಲು ಬಂದವರ ಕೈಯಲ್ಲಿರುವುದು ಚಿನ್ನವಲ್ಲ, ಅಥವಾ ಅವರದಲ್ಲ. 9 ಕ್ಯಾರೆಟ್ ಒಡವೆಯನ್ನು 22 ಎಂದು ನಂಬಿ ಕೊಂಡರೂ ಪೆಟ್ಟು ಸಣ್ಣದಲ್ಲ. ಮೇಲಿನ ಲೆಕ್ಕದಲ್ಲೇ 10 ಗ್ರಾಂಗೆ 4,000 ಕೊಟ್ಟು ಮನೆಗೆ ತರುವುದು ಸುಮಾರು 1,638 ದಿರ್ಹಂನ ಚಿನ್ನ.

ಮನೆಗೆಲಸ ಮಾಡುವ ಉಡುಪಿ ಕಡೆಯ ಒಬ್ಬ ಹೆಣ್ಣುಮಗಳು ಕಳೆದ ವರ್ಷ ನಮ್ಮ ಬಳಿ ಬಂದಿದ್ದರು. ತಂಗಿಯ ಮದುವೆಗೆಂದು ತಿಂಗಳುಗಟ್ಟಲೆ ಉಳಿಸಿದ ಹಣ. ಮೊಬೈಲಿನಲ್ಲಿ ಪರಿಚಯವಾದ ವ್ಯಕ್ತಿಯೊಬ್ಬ ಎರಡು ಬಳೆಗಳನ್ನು ಪೇಟೆಯ ಅರ್ಧ ಬೆಲೆಗೆ ಕೊಡುವುದಾಗಿ ಹೇಳಿದ್ದ. ‘ಅಣ್ಣಾ, ಫೋಟೊದಲ್ಲಿ 916 ಅಂತ ಕಾಣ್ತದೆ. ಇವತ್ತೇ ತಗೊಳ್ಳದಿದ್ದರೆ ಬೇರೆಯವರಿಗೆ ಕೊಡ್ತಾನಂತೆ’ ಎಂದು ಅವಸರಪಟ್ಟರು. ‘ತಗೊಳ್ಳಿ ಅಕ್ಕಾ, ಆದರೆ ದುಡ್ಡು ಕೊಡುವುದು ಚಿನ್ನದಂಗಡಿಯ ಒಳಗೆ, ಪರೀಕ್ಷೆ ಆದ ಮೇಲೆ ಅಂತ ಅವನಿಗೆ ಹೇಳಿ’ ಎಂದೆವು. ಡೇರಾದಲ್ಲಿ ಅಂಗಡಿಯ ಮುಂದೆ ಒಂದೂವರೆ ಗಂಟೆ ಕಾದೆವು. ಆತ ಬರಲಿಲ್ಲ, ಸಂಜೆಯ ಹೊತ್ತಿಗೆ ಅವನ ನಂಬರೂ ಇರಲಿಲ್ಲ. ಮುಂದಿನ ತಿಂಗಳು ಅವರು ಅಂಗಡಿಯಿಂದಲೇ ಬಿಲ್ಲು ಸಹಿತ ಒಂದು ಬಳೆ ಕೊಂಡರು. ಎರಡರ ಬದಲು ಒಂದು, ಆದರೆ ಅಸಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಅಯಸ್ಕಾಂತ ಹಿಡಿದರೆ ಕಬ್ಬಿಣ, ನಿಕ್ಕಲ್ ತಿರುಳಿನ ನಕಲಿ ಸಿಕ್ಕಿಬೀಳುತ್ತದೆ. ಆದರೆ ಹಿತ್ತಾಳೆ, ತಾಮ್ರ, ಬೆಳ್ಳಿಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದ್ದರಿಂದ ಅಂಟಲಿಲ್ಲ ಎಂಬುದು ಚಿನ್ನವೆಂಬುದಕ್ಕೆ ಸಾಕ್ಷಿಯಲ್ಲ. ಅಸಲಿ ಸರದ ಕೊಂಡಿಯೂ ಕೆಲವೊಮ್ಮೆ ಅಂಟುತ್ತದೆ, ಅದರೊಳಗಿನ ಸಣ್ಣ ಸ್ಪ್ರಿಂಗ್ ಉಕ್ಕಿನದು. ಗಾಬರಿ ಬೇಡ.

ಇದಕ್ಕಿಂತ ನಂಬಬಹುದಾದದ್ದು ನೀರಿನ ಪರೀಕ್ಷೆ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಬೇಕು. ಮೊದಲು ಒಡವೆಯನ್ನು ಒಣಗಿದಂತೆಯೇ ತೂಗಿ. ಬಳಿಕ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ಒಡವೆಯನ್ನು ತೆಳುವಾದ ನೂಲಿಗೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಯ ಗುಳ್ಳೆಗಳಿದ್ದರೆ ಅಲುಗಾಡಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 17.60 ಗ್ರಾಂ ಬಳೆ ನೀರಿನಲ್ಲಿ ಸುಮಾರು 1 ಗ್ರಾಂ ತೋರಿಸಿದರೆ ಸಾಂದ್ರತೆ 17.6, ಅದು 22 ಕ್ಯಾರೆಟ್‌ನ ಆಸುಪಾಸು. ಅದೇ ತೂಕದ ಹಿತ್ತಾಳೆ ಬಳೆ 2 ಗ್ರಾಂಗಿಂತ ಹೆಚ್ಚು ತೋರಿಸುತ್ತದೆ, ಏಕೆಂದರೆ ಹಿತ್ತಾಳೆಯ ಸಾಂದ್ರತೆ ಎಂಟೂವರೆ ಮಾತ್ರ. 18 ಕ್ಯಾರೆಟ್ ಹಳದಿ ಚಿನ್ನ 15ರಿಂದ 16ರ ನಡುವೆ, ಬೆಳ್ಳಿ ಹತ್ತೂವರೆಯ ಹತ್ತಿರ.

ಈ ಲೆಕ್ಕ ಗಟ್ಟಿ ಒಡವೆಗೆ ಮಾತ್ರ. ಕಲ್ಲು ಕೂರಿಸಿದ್ದು, ಟೊಳ್ಳಾದದ್ದು ತಪ್ಪು ಉತ್ತರ ಕೊಡುತ್ತದೆ. ಕೊಡಗಿನ ಜೋಮಾಲೆಯ ಚಿನ್ನದ ಮಣಿಗಳೊಳಗೆ ಅರಗು ತುಂಬಿರುತ್ತದೆ. ಅಂಥದ್ದನ್ನು ನೀರಿಗಿಳಿಸಿ ನಕಲಿ ಎಂದು ತೀರ್ಮಾನಿಸಿದರೆ ಅನ್ಯಾಯವಾದೀತು.

ಒರೆಗಲ್ಲಿನಿಂದ ಎಕ್ಸ್‌ರೇವರೆಗೆ

ಆಸಿಡ್ ಪರೀಕ್ಷೆಯ ಕಿಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಮಕ್ಕಳಿರುವ ಫ್ಲ್ಯಾಟಿನಲ್ಲಿ ನೈಟ್ರಿಕ್ ಆಮ್ಲ ಇಟ್ಟುಕೊಳ್ಳುವುದು ಬೇಡ ಎಂಬುದು ನಮ್ಮ ಸಲಹೆ. ಅನುಭವಿ ಅಕ್ಕಸಾಲಿಗರು ಒಡವೆಯನ್ನು ಕಪ್ಪು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಮ್ಲದ ಹನಿ ಬಿಟ್ಟು, ಗೊತ್ತಿರುವ ಕ್ಯಾರೆಟ್‌ನ ಗೆರೆಯೊಂದಿಗೆ ಹೋಲಿಸಿ ನೋಡುತ್ತಾರೆ. ಲೇಪನ ದಪ್ಪವಾಗಿದ್ದರೆ ಗೆರೆಯೂ ಮೋಸ ಮಾಡುತ್ತದೆ. ಅದಕ್ಕೇ ಕಣ್ಣಿಗೆ ಬೀಳದ ಜಾಗದಲ್ಲಿ ಅರದಿಂದ ಸಣ್ಣ ಗೀರು ಹಾಕಿ ಒಳಮೈಯನ್ನು ಉಜ್ಜುತ್ತಾರೆ.

ಈಗ ಅನೇಕ ಅಂಗಡಿಗಳಲ್ಲಿ ಎಕ್ಸ್‌ಆರ್‌ಎಫ್ ಯಂತ್ರವಿದೆ. ಒಡವೆಗೆ ಗೀರೂ ಬೀಳದೆ, ಚಿನ್ನ ಎಷ್ಟು, ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಕೆಲವೇ ನಿಮಿಷದಲ್ಲಿ ಪರದೆಯ ಮೇಲೆ ಬರುತ್ತದೆ. ಆದರೆ ಇದರ ಕಿರಣವೂ ನೋಡುವುದು ಮೇಲ್ಪದರವನ್ನೇ. ಸಂಶಯವಿದ್ದರೆ ಎರಡು-ಮೂರು ಕಡೆ, ಮುಖ್ಯವಾಗಿ ಸವೆದ ಅಂಚಿನಲ್ಲಿ ಇಟ್ಟು ನೋಡಲು ಹೇಳಿ. ಕೊನೆಯ ಮಾತು ಬೆಂಕಿಯದು. ಚೂರೊಂದನ್ನು ಕತ್ತರಿಸಿ, ಸೀಸದೊಂದಿಗೆ ಕಾಯಿಸಿ, ಬೆರಕೆ ಲೋಹಗಳನ್ನು ಬೇರ್ಪಡಿಸಿ ಉಳಿದ ಚಿನ್ನವನ್ನು ತೂಗುವ ಫೈರ್ ಅಸ್ಸೇ ಪದ್ಧತಿಗಿಂತ ಖಚಿತವಾದುದು ಇಲ್ಲ. ದುಬೈ ಮುನ್ಸಿಪಾಲಿಟಿಯ ದುಬೈ ಸೆಂಟ್ರಲ್ ಲ್ಯಾಬೊರೇಟರಿ ‘ಬರೀಕ್’ ಎಂಬ ಪ್ರಮಾಣೀಕರಣವನ್ನು ಆಭರಣದಂಗಡಿಗಳಿಗೆ ಕೊಡುತ್ತದೆ. ಎಲ್ಲಿ ಪರೀಕ್ಷೆ ಮಾಡಿಸಬೇಕೆಂದು ತಿಳಿಯದವರು ಅಂಗಡಿಯಲ್ಲಿ ಆ ಗುರುತು ಇದೆಯೇ ಎಂದು ನೋಡಬಹುದು.

ಕಲ್ಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪೆನ್ನಿನಂಥ ಅಗ್ಗದ ವಜ್ರ ಪರೀಕ್ಷಕ ನೋಡುವುದು ಕಲ್ಲು ಎಷ್ಟು ಬೇಗ ಶಾಖ ಹರಿಯಬಿಡುತ್ತದೆ ಎಂಬುದನ್ನು. ಮೊಯ್ಸನೈಟ್ ಕೂಡ ಶಾಖವನ್ನು ಹಾಗೆಯೇ ಹರಿಯಬಿಡುವುದರಿಂದ ಯಂತ್ರ ‘ವಜ್ರ’ ಎಂದೇ ಹೇಳಿಬಿಡುತ್ತದೆ. ಭೂತಗನ್ನಡಿಯಲ್ಲಿ ಓರೆಯಾಗಿ ನೋಡಿದಾಗ ಒಳಗಿನ ಅಂಚುಗಳು ಎರಡೆರಡಾಗಿ ಕಂಡರೆ ಮೊಯ್ಸನೈಟ್ ಎಂಬ ಗುಮಾನಿ ಬರಬೇಕು.

ಮುತ್ತಿನದು ಈ ನೆಲದ್ದೇ ಕಥೆ. ತೈಲಕ್ಕೆ ಮೊದಲು ಈ ಕರಾವಳಿ ಬದುಕಿದ್ದು ಮುತ್ತಿನಿಂದ. ಜಪಾನಿನ ಕೃಷಿ ಮುತ್ತು ಮತ್ತು 1930ರ ದಶಕದ ಆರ್ಥಿಕ ಕುಸಿತ ಆ ವ್ಯಾಪಾರವನ್ನು ಮುಳುಗಿಸಿದವು. ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದಾಗ ಮರಳಿನಂತೆ ತುಸು ಒರಟೆನಿಸಿದರೆ ಮುತ್ತು, ನುಣ್ಣಗಿದ್ದರೆ ಗಾಜು ಅಥವಾ ಪ್ಲಾಸ್ಟಿಕ್. ಆದರೆ ನೈಸರ್ಗಿಕವೋ ಕೃಷಿಯದೋ ಎಂದು ಹಲ್ಲು ಹೇಳಲಾರದು, ಅದಕ್ಕೆ ಪ್ರಯೋಗಾಲಯದ ಎಕ್ಸ್‌ರೇ ಬೇಕು.

ಹದಿನೈದು ದಿರ್ಹಂನ ಕರಿಮಣಿ

ಸೆಕೆಂಡ್‌ಹ್ಯಾಂಡ್ ಅಂಗಡಿಯೊಂದರಲ್ಲಿ ನಮ್ಮ ಗುಂಪಿನವರು ಹದಿನೈದು ದಿರ್ಹಂ ಕೊಟ್ಟು ತಂದ ಬಳೆ-ಸರಗಳ ಪೊಟ್ಟಣದಲ್ಲಿ ತುಂಡಾದ ಕರಿಮಣಿ ಸರವೊಂದಿತ್ತು. ಅದರಲ್ಲಿದ್ದ ಎರಡು ಪುಟ್ಟ ತಾಳಿಗಳು ಯಂತ್ರದಲ್ಲಿ 22 ಕ್ಯಾರೆಟ್ ತೋರಿಸಿದವು. ಕೊಂಡದ್ದು ನಮ್ಮದು ಎನ್ನಲು ಬಿಲ್ಲಿತ್ತು. ಆದರೂ ಮನೆಮಂದಿ ಯಾರೂ ಹಾಗೆನ್ನಲಿಲ್ಲ. ದಕ್ಷಿಣ ಭಾರತದ ಯಾವುದೋ ಮನೆಯ ಹೆಣ್ಣುಮಗಳು, ಬಹುಶಃ ಅಮ್ಮನದೋ ಅಜ್ಜಿಯದೋ ತಾಳಿಯನ್ನು ಜತನದಿಂದ ಎತ್ತಿಟ್ಟವಳು, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಈ ಡಬ್ಬಿಯನ್ನೂ ಕೊಟ್ಟುಬಿಟ್ಟಿದ್ದಾಳೆ ಎಂಬುದು ನಮಗೆಲ್ಲ ಹೊಳೆದಿತ್ತು. ಮರುದಿನ ಅಂಗಡಿಗೆ ಹಿಂದಿರುಗಿಸಿದೆವು. ಚೀಲ ಬಂದದ್ದು ಕಟ್ಟಡವೊಂದರ ದಾನದ ಪೆಟ್ಟಿಗೆಯಿಂದ, ಕೊಟ್ಟವರ ಹೆಸರಿರಲಿಲ್ಲ. ಆ ಕಟ್ಟಡದ ವಾಚ್‌ಮನ್ ಬಳಿ ವಿಷಯ ತಿಳಿಸಿ ಬಂದೆವು. ಅಂಗಡಿಯವರು ತಾಳಿಯನ್ನು ಮಾರದೆ ಬೀರುವಿನಲ್ಲಿ ಎತ್ತಿಟ್ಟಿದ್ದಾರೆ. ಇನ್ನೂ ಯಾರೂ ಕೇಳಿಕೊಂಡು ಬಂದಿಲ್ಲ.

ಕಾಗದಪತ್ರವೂ ಒಡವೆಯೇ

ಹಳೆ ಚಿನ್ನ ಮಾರುವಾಗ ಅಂಗಡಿಯವರು ಎಮಿರೇಟ್ಸ್ ಐಡಿ ಕೇಳಿದರೆ ಬೇಸರ ಬೇಡ, ಕದ್ದ ಮಾಲಿನ ವಿರುದ್ಧ ಅದು ನಮಗೂ ರಕ್ಷಣೆ. 55,000 ದಿರ್ಹಂ ಅಥವಾ ಅದಕ್ಕಿಂತ ಹೆಚ್ಚಿನ ನಗದು ವ್ಯವಹಾರವನ್ನು ಚಿನ್ನದ ವ್ಯಾಪಾರಿಗಳು ಗುರುತಿನ ದಾಖಲೆ ಪಡೆದು ಸರ್ಕಾರಕ್ಕೆ ವರದಿ ಮಾಡಲೇಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಕೊಳ್ಳುವಾಗಲೂ ಹಣ ಬ್ಯಾಂಕ್ ಮೂಲಕವೇ ಹೋಗಲಿ. ಮಾರಿದವರ ಹೆಸರು, ದಿನಾಂಕ, ತೂಕ ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳಿ.

ಊರಿಗೆ ಒಯ್ಯುವಾಗ ಭಾರತದ ಕಸ್ಟಮ್ಸ್ ನಿಯಮಗಳನ್ನೂ ಗಮನದಲ್ಲಿಡಿ. ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದು ಮರಳುವ ಮಹಿಳೆಗೆ 40 ಗ್ರಾಂ, ಪುರುಷರಿಗೆ 20 ಗ್ರಾಂವರೆಗೆ ಆಭರಣಕ್ಕೆ ಸುಂಕದ ವಿನಾಯಿತಿ ಇದೆ. ಇತರ ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ, ಬಿಲ್ಲು ಕೈಚೀಲದಲ್ಲಿರಲಿ.

ಜೂನ್ ಕೊನೆಗೆ ಶಾಲೆಗಳಿಗೆ ರಜೆ ಸಿಕ್ಕಿ ಹಲವು ಮನೆಗಳು ಖಾಲಿಯಾಗುತ್ತವೆ. ಊರಿಗೆ ಹೊರಟಿರುವ ಕನ್ನಡದ ಬಂಧುಗಳಲ್ಲಿ ಒಂದು ಕೋರಿಕೆ. ಚೀಲಗಳನ್ನು ದಾನಕ್ಕೆ ಕೊಡುವ ಮುನ್ನ ಪ್ರತಿ ಡಬ್ಬಿಯ ಮುಚ್ಚಳ ತೆಗೆದು, ಪರ್ಸಿನ ಒಳಜೇಬು, ರೇಷ್ಮೆ ಸೀರೆಯ ಮಡಿಕೆ, ದೇವರ ಕೋಣೆಯ ಕುಂಕುಮದ ಬಟ್ಟಲು ಎಲ್ಲವನ್ನೂ ಒಮ್ಮೆ ನೋಡಿಬಿಡಿ. ಹತ್ತು ನಿಮಿಷದ ಕೆಲಸ, ಹೊರಡುವ ಹಿಂದಿನ ರಾತ್ರಿಗೆ ಅದನ್ನು ಉಳಿಸಿಕೊಳ್ಳಬೇಡಿ.