ಎಂಜಿನ್ ಕೈಕೊಟ್ಟ ಮೇಲೆ: ರಿಪೇರಿಯೋ, ಬೇರೆ ಗಾಡಿಯೋ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮವರ ನಡುವೆ ಪದೇ ಪದೇ ಕೇಳಿಬರುವ ಮಾತು ಒಂದೇ: "ಮಾರಾಯ್ರೇ, ಗಾಡಿ ಎಂಜಿನ್ ಹೋಯ್ತು, ಏನ್ಮಾಡೋದು?" ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲೋ ಅಜ್ಮಾನ್‌ನಲ್ಲೋ ಮನೆ ಮಾಡಿಕೊಂಡು ದುಬೈಗೆ ಕೆಲಸಕ್ಕೆ ಹೋಗುವವರು ನಾವು. ಗಾಡಿ ನಿಂತರೆ ಡ್ಯೂಟಿಗೂ ತೊಂದರೆ, ಊರಿಗೆ ಕಳಿಸುವ ದುಡ್ಡಿಗೂ ಕತ್ತರಿ. ಹತ್ತು ಹನ್ನೆರಡು ವರ್ಷದ ಹಳೇ ಗಾಡಿ, 45 ಡಿಗ್ರಿ ಬಿಸಿಲು, ಸಂಜೆಯ ಟ್ರಾಫಿಕ್‌ನಲ್ಲಿ ಏಸಿ ಹಾಕಿಕೊಂಡು ಗಂಟೆಗಟ್ಟಲೆ ತೆವಳಾಟ. ಎಂಜಿನ್ ಆದರೂ ಎಷ್ಟು ಅಂತ ತಡೆದೀತು?

ಮೊದಲು ಕೇಳಬೇಕಾದ್ದು, 'ಎಂಜಿನ್ ಹೋಯ್ತು' ಅಂದರೆ ನಿಜವಾಗಿ ಏನು ಹೋಯ್ತು ಅಂತ. ಗ್ಯಾರೇಜಿನವರು ಹತ್ತು ಕಾಯಿಲೆಗೆ ಈ ಒಂದೇ ಹೆಸರು ಹೇಳ್ತಾರೆ. ಫ್ಯುಯೆಲ್ ಪಂಪ್ ಅಥವಾ ಸೆನ್ಸರ್ ಕೆಟ್ಟರೂ ಗಾಡಿ ನಿಲ್ಲುತ್ತದೆ, ಅದು ಸಣ್ಣ ಕೆಲಸ. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ರೇಡಿಯೇಟರ್ ನೀರು ಸುಮ್‌ಸುಮ್ನೆ ಕಡಿಮೆಯಾಗ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರ್ತದೆ, ಆಯಿಲ್ ಕ್ಯಾಪ್ ತೆಗೆದರೆ ಹಾಲು ಬೆರೆಸಿದ ಚಹಾದಂಥ ನೊರೆ ಕಾಣಬಹುದು. ಹೊಗೆ ನೀಲಿಯಾಗಿದ್ದರೆ ಒಳಗೆ ಆಯಿಲ್ ಉರಿಯುತ್ತಿದೆ ಎಂದರ್ಥ. ಒಳಗಿಂದ ಗಟ್ಟಿ ಬಡಿತದ ಶಬ್ದ ಬಂದರೆ ಬೇರಿಂಗ್ ಕಡೆ ಸಂಶಯಪಡಬೇಕು. ಟೈಮಿಂಗ್ ಬೆಲ್ಟ್ ತುಂಡಾಗಿದ್ದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಬಗ್ಗಿ ಹೋಗಿರ್ತದೆ. ಕಂಪ್ರೆಷನ್ ಟೆಸ್ಟ್ ಮಾಡಿಸದೆ ಯಾರೂ "ಎಂಜಿನ್ ಬದಲಿಸಿ" ಅಂದರೆ ಒಪ್ಪಬೇಡಿ. ಇನ್ನೊಂದು ಗ್ಯಾರೇಜಿಗೆ ಒಯ್ಯಲು ರಿಕವರಿಗೆ ಕೊಡುವ ದುಡ್ಡು ದಂಡ ಅಂತ ಅನಿಸಬಹುದು. ನಮ್ಮ ಲೆಕ್ಕದಲ್ಲಿ ಇಡೀ ವ್ಯವಹಾರದಲ್ಲಿ ಅತಿ ಅಗ್ಗದ ಖರ್ಚು ಅದೇ.

ಇನ್ನು ದುಡ್ಡಿನ ವಿಷಯ. ಮುಂದಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಓಡುತ್ತಿದ್ದಾಗ ಗಾಡಿಗೆ 12,000 ದಿರ್ಹಮ್ ಬರುತ್ತಿತ್ತು ಅಂತಿಟ್ಟುಕೊಳ್ಳಿ. ಈಗ ಸ್ಕ್ರ್ಯಾಪಿನವರು 2,500 ಕೊಡ್ತಾರೆ. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೇ ಎಂಜಿನ್ ಹುಡುಕಿ ಕೂರಿಸಲು 5,500. "ಹನ್ನೆರಡು ಸಾವಿರದ ಗಾಡಿಗೆ ಅರ್ಧ ಬೆಲೆ ಸುರೀತೀರಾ?" ಅಂತ ರೂಮಿನಲ್ಲಿ ಎಲ್ಲರೂ ಕೇಳ್ತಾರೆ. ಆದರೆ ಈಗ ನಮ್ಮ ಕೈಯಲ್ಲಿರೋದು 2,500ರ ಗಾಡಿ. ಅದಕ್ಕೆ 5,500 ಸೇರಿಸಿದರೆ 8,000. ಅದೇ 8,000ಕ್ಕೆ ಮಾರ್ಕೆಟ್‌ನಲ್ಲಿ ಎಂಥ ಗಾಡಿ ಸಿಗ್ತದೆ, ಅದರ ಹೊಟ್ಟೆಯೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ನಮ್ಮ ಗಾಡಿಯ ಒಳಗುಟ್ಟು ನಮಗೆ ಗೊತ್ತಿದೆ.

ಹಾಗಂತ ಕಣ್ಣುಮುಚ್ಚಿ ರಿಪೇರಿಗೆ ಇಳಿಯುವಂತಿಲ್ಲ. ಗೇರ್‌ಬಾಕ್ಸ್ ಜಗ್ಗುತ್ತಿದೆಯಾ? ಏಸಿ ಕಂಪ್ರೆಸರ್ ಕಿರುಚುತ್ತಿದೆಯಾ? ಟೈರಿಗೆ ಐದು ವರ್ಷ ತುಂಬಿದರೆ ಪಾಸಿಂಗ್‌ನಲ್ಲಿ ಬಿಡೋದಿಲ್ಲ. ಇವೆಲ್ಲಕ್ಕೂ ಸೇರಿ ಇನ್ನೊಂದು 4,000 ಬೇಕಾದರೆ ಒಟ್ಟು 12,000 ಆಯ್ತು. ಆಗ ನಾವು ಹೇಳೋದು ಒಂದೇ, ಗಾಡಿ ಬಿಟ್ಟುಬಿಡಿ.

ರಿಪೇರಿಯೇ ಅಂತ ತೀರ್ಮಾನವಾದರೆ, ಹಳೇ ಎಂಜಿನ್ ಕೂರಿಸುವ ಮೊದಲೇ ವಾಟರ್ ಪಂಪ್, ಥರ್ಮೋಸ್ಟಾಟ್, ಬೆಲ್ಟ್, ಸೀಲ್‌ಗಳನ್ನು ಹೊಸದು ಹಾಕಿಸಿ. ಹೊರಗಿದ್ದಾಗ ಅರ್ಧ ಗಂಟೆಯ ಕೆಲಸ, ಒಳಗೆ ಕೂತ ಮೇಲೆ ಅರ್ಧ ದಿನದ್ದು. ರೇಡಿಯೇಟರ್ ಕಟ್ಟಿಕೊಂಡಿದ್ದರಿಂದ ಮೊದಲ ಎಂಜಿನ್ ಹೋಗಿದ್ದರೆ, ಅದನ್ನು ಬದಲಿಸದಿದ್ದರೆ ಎರಡನೆಯದೂ ಅದೇ ದಾರಿ ಹಿಡೀತದೆ. ಬರೀ ನೀರು ತುಂಬಿಸುವ ಅಭ್ಯಾಸ ಬಿಟ್ಟು ಕೂಲಂಟ್ ಹಾಕಿ. ವಾರಂಟಿ ಎಷ್ಟು ದಿನ ಅನ್ನೋದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಎಂಜಿನ್ ನಂಬರ್ ಬದಲಾಗುವುದರಿಂದ ಮುಲ್ಕಿಯಾದ ವಿಷಯ ಮೊದಲೇ ವಿಚಾರಿಸಿ, ಪಾಸಿಂಗ್ ದಿನ ಸಿಕ್ಕಿಹಾಕಿಕೊಳ್ಳುವುದು ಬೇಡ.

ಬೇರೆ ಗಾಡಿ ಅಂದ ಕೂಡಲೇ ಬ್ಯಾಂಕ್ ಸಾಲದ ಮಾತು ಬರ್ತದೆ. ಸಾಲ ಐದು ವರ್ಷದ್ದು, ನಮ್ಮ ವೀಸಾ ಎರಡು ವರ್ಷದ್ದು. ಕೆಲಸ ಹೋದರೂ ಕಂತು ನಿಲ್ಲೋದಿಲ್ಲ, ಸಾಲ ತೀರುವ ತನಕ ಗಾಡಿ ಮಾರಲೂ ಆಗೋದಿಲ್ಲ. "ದೊಡ್ಡ ಗಾಡಿ ತಗೊಂಡು ಕಾರ್‌ಲಿಫ್ಟ್ ಹೊಡೆದು ಕಂತು ಕಟ್ತೇನೆ" ಅನ್ನುವವರೂ ಇದ್ದಾರೆ. ಪರ್ಮಿಟ್ ಇಲ್ಲದೆ ದುಡ್ಡಿಗೆ ಜನ ಹತ್ತಿಸುವುದು ಇಲ್ಲಿ ಅಪರಾಧ, ದಂಡವೂ ಭಾರೀ.

ಕುಂದಾಪುರ ಕಡೆಯ ನಮ್ಮ ಗೆಳೆಯರೊಬ್ಬರು, ಏಸಿ ಟೆಕ್ನಿಷಿಯನ್, ಮೂರನೇ ದಾರಿ ಹಿಡಿದರು. ತಂಗಿ ಮದುವೆಗೆ ಕೂಡಿಟ್ಟ ಹಣ ಮುಟ್ಟೋದಿಲ್ಲ ಅಂತ ಸತ್ತ ಗಾಡಿಯನ್ನು ಸ್ಕ್ರ್ಯಾಪಿಗೆ ಕೊಟ್ಟು, ಎಂಟು ತಿಂಗಳು ಬಸ್ಸು ಮತ್ತು ಮೆಟ್ರೋದಲ್ಲೇ ಓಡಾಡಿದರು. ದಿನಕ್ಕೆ ಒಂದೂವರೆ ಗಂಟೆ ನಿದ್ದೆ ಹೋಯ್ತು, ಆದರೆ ಮದುವೆ ಸಾಲವಿಲ್ಲದೆ ಆಯ್ತು. ರಾತ್ರಿ ಪಾಳಿಯವರಿಗೆ ಈ ದಾರಿ ಹೇಳುವಂತಿಲ್ಲ, ಅವರು ಬಿಡುವ ಹೊತ್ತಿಗೆ ಮೆಟ್ರೋ ಇರೋದಿಲ್ಲ.

"ಊರಿಗೇ ಕಳಿಸಿಬಿಟ್ಟರೆ?" ಅಂತ ಕೇಳುವವರಿಗೆ ಒಂದು ಮಾತು. ಹಳೇ ಗಾಡಿ ಭಾರತಕ್ಕೆ ತರಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ಗಾಡಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ನಮ್ಮ ಎಡಗೈ ಗಾಡಿಗೆ ಆ ಆಸೆಯೇ ಇಲ್ಲ.

ಮತ್ತೆ, ಸತ್ತ ಗಾಡಿಯನ್ನು ಪಾರ್ಕಿಂಗ್‌ನಲ್ಲಿ ಧೂಳು ತಿನ್ನಲು ಬಿಟ್ಟು ರಜೆಗೆ ಹೋಗಬೇಡಿ. ಮುನಿಸಿಪಾಲಿಟಿಯವರು ನೋಟಿಸ್ ಅಂಟಿಸಿ ಎತ್ತಿಕೊಂಡು ಹೋಗ್ತಾರೆ. ಸ್ಕ್ರ್ಯಾಪಿಗೆ ಕೊಡುವಾಗಲೂ ಬಾಕಿ ದಂಡ ಕಟ್ಟಿ, ರಿಜಿಸ್ಟ್ರೇಷನ್ ರದ್ದು ಮಾಡಿಸಿದ ಕಾಗದ ಕೈಗೆ ಬರುವ ತನಕ ಕೀಲಿ ಕೊಡಬೇಡಿ.