ಬದುಕಿರುವಾಗಲೇ ಮೊದಲಾದ ಶೋಕ

ಪ್ರಸಿದ್ಧ ಕಲಾವಿದನೊಬ್ಬನು ಅಕಾಲದಲ್ಲಿ ಮೃತನಾದಾಗ ಅವನನ್ನು ಮೆಚ್ಚಿದವರಿಗೆ ದಿಗ್ಭ್ರಮೆಯಾಗುವುದು ಲೋಕರೂಢಿ. ಆದರೆ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ, 2002ರ ಏಪ್ರಿಲ್ ತಿಂಗಳಿನಲ್ಲಿ, ಲೇಯ್ನ್ ಸ್ಟೇಲಿ ಎಂಬ 34 ವರ್ಷದ ರಾಕ್ ಗಾಯಕನು ತೀರಿಕೊಂಡನೆಂಬ ವಾರ್ತೆ ಹರಡಿದಾಗ, ವರ್ಷಗಟ್ಟಲೆ ನಿರೀಕ್ಷಿಸುತ್ತಿದ್ದ, ಆದರೂ ಬಾರದಿರಲೆಂದು ಹಾರೈಸುತ್ತಿದ್ದ ಸುದ್ದಿಯೊಂದು ಕಡೆಗೂ ಬಂದೇಬಿಟ್ಟಿತೆಂಬ ಬಳಲಿಕೆಯೇ ಅಲ್ಲಿಯವರಲ್ಲಿ ಹೆಚ್ಚಾಗಿ ಕಂಡುಬಂದಿತು. ಅವನಿಗಾಗಿ ಅಳುವ ಕಾರ್ಯವನ್ನು ಅವರು ಅವನು ಬದುಕಿರುವಾಗಲೇ ಆರಂಭಿಸಿದ್ದರು.

ಸುದ್ದಿ ಹೊರಬಿದ್ದ ಬಗೆಯೇ ಅವನ ಕಡೆಯ ವರ್ಷಗಳ ಏಕಾಂತಕ್ಕೆ ಸಾಕ್ಷಿಯಾಗಿದೆ. ಎರಡು ವಾರಗಳಿಂದ ಅವನ ಬ್ಯಾಂಕಿನ ಖಾತೆಯಿಂದ ಹಣ ತೆಗೆದಿಲ್ಲವೆಂಬುದನ್ನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ಗಮನಿಸಿ, ಅವನು ಹಾಡುತ್ತಿದ್ದ ತಂಡದ ಹಿಂದಿನ ವ್ಯವಸ್ಥಾಪಕಿಗೆ ತಿಳಿಸಿ, ಆಕೆ ಅವನ ತಾಯಿಗೆ ತಿಳಿಸಿ, ಆ ತಾಯಿ ಪೊಲೀಸರನ್ನು ಕರೆದು, ಏಪ್ರಿಲ್ 19ರಂದು ಮನೆಯ ಬಾಗಿಲು ತೆಗೆಸಿದಾಗ, ಒಳಗಿದ್ದವನು ಸತ್ತು ಎರಡು ವಾರಗಳಾಗಿದ್ದುವು. ಲಕ್ಷಾಂತರ ಜನರು ಕಿವಿಗೊಟ್ಟು ಕೇಳಿದ್ದ ಕಂಠವೊಂದು ನಿಂತುಹೋದುದನ್ನು ಮೊಟ್ಟಮೊದಲು ಅರಿತದ್ದು ಜಮಾಖರ್ಚಿನ ಪುಸ್ತಕ. ಮರಣದ ದಿನ ಏಪ್ರಿಲ್ 5 ಎಂದು ಅಧಿಕಾರಿಗಳು ನಿರ್ಣಯಿಸಿದರು. 1994ರಲ್ಲಿ ಅದೇ ನಗರದ ರಾಕ್ ಗಾಯಕ ಕರ್ಟ್ ಕೊಬೇನನು ಆತ್ಮಹತ್ಯೆ ಮಾಡಿಕೊಂಡದ್ದೂ ಅದೇ ತಾರೀಖಾದುದರಿಂದ, ಈ ಕಾಕತಾಳೀಯದಲ್ಲಿ ವಿಧಿಯ ಕೈಬರಹವನ್ನು ಓದುವ ಅಭಿಮಾನಿಗಳು ಅನೇಕರಿದ್ದಾರೆ. ನನಗೇನೋ ಅಲ್ಲಿ ಪಂಚಾಂಗದ ಒಂದು ಪುಟಕ್ಕಿಂತ ಹೆಚ್ಚಿನದು ಕಾಣದು.

ಸಿಯಾಟಲ್ಲಿಗೆ ಸಮೀಪದ ಕರ್ಕ್‌ಲ್ಯಾಂಡಿನಲ್ಲಿ 1967ರಲ್ಲಿ ಹುಟ್ಟಿದ ಸ್ಟೇಲಿ ಮೊದಲು ಹಿಡಿದದ್ದು ಡ್ರಮ್ಮಿನ ಕೋಲುಗಳನ್ನು. ಹಾಡುಗಾರಿಕೆ ಆಮೇಲೆ ಬಂದುದು. 1987ರಲ್ಲಿ ಗಿಟಾರ್ ವಾದಕ ಜೆರಿ ಕ್ಯಾಂಟ್ರೆಲ್ಲನೊಡನೆ ಸೇರಿ ಅವನು ಹಾಡತೊಡಗಿದ ತಂಡವೇ ಆಲಿಸ್ ಇನ್ ಚೈನ್ಸ್. ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ಭಾವಿಸುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಅಂಥವರಲ್ಲಿ ಕೆಲವರನ್ನಾದರೂ ಕೂರಿಸಿ ಈ ತಂಡದ ಹಾಡುಗಳನ್ನು ಕೇಳಿಸಬೇಕೆಂಬ ಆಸೆ ನನ್ನದು. ನಮ್ಮ ಕಛೇರಿಯಲ್ಲಿ ಗಾಯಕನ ಸ್ವರವನ್ನು ಪಿಟೀಲು ಅನುಸರಿಸುತ್ತದೆ, ಇಬ್ಬರು ಗಾಯಕರಿದ್ದರೂ ಒಂದೇ ಸ್ವರಮಾರ್ಗದಲ್ಲಿ ನಡೆಯುತ್ತಾರೆ. ಆದರೆ ಇಬ್ಬರು ಒಂದೇ ಮಾತನ್ನು ಒಂದೇ ಕ್ಷಣದಲ್ಲಿ ಬೇರೆ ಬೇರೆ ಸ್ವರಸ್ಥಾನಗಳಲ್ಲಿ ಹಾಡಿ, ಆ ಎರಡರ ನಡುವಣ ಅಂತರದಿಂದಲೇ ರಸವನ್ನು ಹುಟ್ಟಿಸುವ ಕ್ರಮ ಪಾಶ್ಚಾತ್ಯರದು. ಕ್ಯಾಂಟ್ರೆಲ್ಲನ ತಣ್ಣನೆಯ ಧ್ವನಿಯೂ ಸ್ಟೇಲಿಯ ಉರಿಯುವ ಧ್ವನಿಯೂ ಹೀಗೆ ಜೊತೆಗೂಡಿ, ಮಾಧುರ್ಯಕ್ಕೆ ಸುಲಭವಾಗಿ ಒಗ್ಗದ, ಕಿವಿಗೆ ತುಸು ಒರಟಾಗಿಯೇ ತಾಗುವ ಒಂದು ಸಂವಾದವನ್ನು ನಿರ್ಮಿಸಿದುವು. ಅದನ್ನು ಒಮ್ಮೆ ಕೇಳಿದವನು ಮತ್ತೆ ಬೇರೊಂದು ತಂಡದ್ದೆಂದು ಭ್ರಮಿಸುವ ಸಂಭವವಿಲ್ಲ.

ಇದು ಕೇವಲ ಹುಟ್ಟುಗುಣವಾಗಿರಲಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಸಿಯಾಟಲ್ಲಿನ ಕಂಠಶಿಕ್ಷಕ ಡೇವಿಡ್ ಕೈಲ್ ಅವರಲ್ಲಿ ಸ್ಟೇಲಿ ಪಾಠ ಹೇಳಿಸಿಕೊಂಡಿದ್ದನು. ಧ್ವನಿಮುದ್ರಣ ಮಂದಿರದಲ್ಲಿ ತನ್ನದೇ ಧ್ವನಿಯನ್ನು ಪದರದ ಮೇಲೆ ಪದರವಾಗಿ ಹಾಡಿ ಜೋಡಿಸುವಷ್ಟು ಶ್ರುತಿಜ್ಞಾನವನ್ನೂ ತಾಳ್ಮೆಯನ್ನೂ ಸಂಪಾದಿಸಿದ್ದನು. 1990ರ ‘ಫೇಸ್‌ಲಿಫ್ಟ್’, 1992ರ ‘ಡರ್ಟ್’ ಎಂಬ ಆಲ್ಬಮ್‌ಗಳು ಈ ಸಾಧನೆಯ ಫಲ. 1994ರ ‘ಜಾರ್ ಆಫ್ ಫ್ಲೈಸ್’ ಎಂಬ ಕಿರು ಆಲ್ಬಮ್ ಬಿಡುಗಡೆಯಾದೊಡನೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಆ ಗಾತ್ರದ ಆಲ್ಬಮ್ಮಿಗೆ ಅಂಥ ಮನ್ನಣೆ ಅದುವರೆಗೆ ದೊರೆತಿರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕುವ ಪ್ರಸಂಗ ಸ್ಟೇಲಿಯ ಮರಣಕ್ಕೆ ಹನ್ನೆರಡು ವರ್ಷ ಹಿಂದಿನದು. ಅದೇ ನಗರದಲ್ಲಿ ಮದರ್ ಲವ್ ಬೋನ್ ಎಂಬ ತಂಡದ ಗಾಯಕ ಆಂಡ್ರ್ಯೂ ವುಡ್, ತಮ್ಮ ಮೊದಲನೆಯ ಪೂರ್ಣ ಆಲ್ಬಮ್ ಇನ್ನೇನು ಹೊರಬರಬೇಕೆನ್ನುವಷ್ಟರಲ್ಲಿ, 1990ರ ಮಾರ್ಚಿನಲ್ಲಿ ಹೆರಾಯಿನ್ನಿಗೆ ಬಲಿಯಾದನು. ಅವನನ್ನು ನೆನೆದು ಕ್ಯಾಂಟ್ರೆಲ್ ರಚಿಸಿದ ‘ವುಡ್?’ (Would?) ಎಂಬ ಹಾಡು 1992ರಲ್ಲಿ ಪ್ರಕಟವಾಯಿತು. ವ್ಯಸನದಿಂದ ಸತ್ತವನನ್ನು ಕುರಿತ ಆ ಶೋಕಗೀತಕ್ಕೆ ಕ್ಯಾಂಟ್ರೆಲ್ಲನೊಡನೆ ಕಂಠ ಕೊಟ್ಟವನು, ಅದೇ ವ್ಯಸನದಲ್ಲಿ ಆಗಲೇ ಕುತ್ತಿಗೆಯವರೆಗೆ ಮುಳುಗಿದ್ದ ಸ್ಟೇಲಿ. ಅರಿವಿನ ಅಭಾವವೇ ವ್ಯಸನಕ್ಕೆ ಕಾರಣವೆನ್ನುವವರು ಈ ಸಂಗತಿಯನ್ನು ಎಲ್ಲಿಟ್ಟು ನೋಡುವರೋ ತಿಳಿಯದು. ‘ಡರ್ಟ್’ ಆಲ್ಬಮ್ಮಿನ ಅನೇಕ ಹಾಡುಗಳಲ್ಲಿ ಅವನು ತನ್ನ ಸ್ಥಿತಿಯನ್ನು ಮರೆಮಾಚದೆ ನಿವೇದಿಸಿಕೊಂಡಿದ್ದನು. ಆದರೆ ಅಭಿಮಾನಿಗಳಲ್ಲಿ ಕೆಲವರು ತಾವೂ ಅಮಲಿನಲ್ಲಿರುವುದಾಗಿ ಹೆಬ್ಬೆರಳೆತ್ತಿ ತನಗೆ ತಿಳಿಸುತ್ತಾರೆಂದೂ, ಯಾವುದು ಆಗಬಾರದೆಂದಿದ್ದೆನೋ ಅದೇ ಆಯಿತೆಂದೂ ಅವನು 1996ರಲ್ಲಿ ಪತ್ರಿಕೆಯೊಂದರ ಮುಂದೆ ಸಂಕಟಪಟ್ಟುಕೊಂಡನು. ಸಂಕಟದ ನಿವೇದನೆಯನ್ನೂ ಅಲಂಕಾರವೆಂದು ಭಾವಿಸಿ ಚಪ್ಪಾಳೆ ತಟ್ಟುವ ರಸಿಕತೆ ಎಲ್ಲ ದೇಶಗಳಲ್ಲಿಯೂ ಇದೆ.

ಅರಿತವನನ್ನೂ ಬಿಡದ ಈ ವಸ್ತುವಿನ ಸ್ವರೂಪವೇನು? ನಾವು ಪಾಯಸಕ್ಕೆ ಹಾಕುವ ಗಸಗಸೆಯ ಗಿಡದ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಅದರ ಸಾರ ಮಾರ್ಫಿನ್. ಆ ಮಾರ್ಫಿನ್ನನ್ನು ರಾಸಾಯನಿಕ ಕ್ರಿಯೆಯಿಂದ ಮಾರ್ಪಡಿಸಿದಾಗ ದೊರೆಯುವುದು ಹೆರಾಯಿನ್. 1898ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆ ಇದನ್ನು ಕೆಮ್ಮಿನ ಔಷಧವೆಂದು ಮಾರಾಟಕ್ಕಿಟ್ಟಿತೆಂದರೆ ಇಂದಿನ ಓದುಗರು ನಂಬುವುದು ಕಷ್ಟ. ನೋವನ್ನು ತಗ್ಗಿಸಲು ದೇಹವು ತಾನೇ ತಯಾರಿಸಿಕೊಳ್ಳುವ ದ್ರವ್ಯಗಳಿಗೆಂದು ಮಿದುಳಿನಲ್ಲಿ ಇರುವ ಗ್ರಾಹಕಗಳನ್ನು ಹೆರಾಯಿನ್ ಆಕ್ರಮಿಸುತ್ತದೆ. ದಿನ ಕಳೆದಂತೆ ಅದೇ ಪ್ರಮಾಣ ಸಾಲದಾಗುತ್ತದೆ. ಬಿಟ್ಟರೆ ವಾಂತಿ, ನಡುಕ, ಅನಿದ್ರೆ, ಎಲುಬು ಎಲುಬಿನಲ್ಲಿಯೂ ನೋವು. ಆಗ ವ್ಯಸನಿಯು ಸುಖಕ್ಕಾಗಿ ಸೇವಿಸುವುದನ್ನು ಬಿಟ್ಟು, ಆ ಯಾತನೆಯನ್ನು ಮುಂದೂಡುವುದಕ್ಕಾಗಿ ಮಾತ್ರವೇ ಸೇವಿಸತೊಡಗುತ್ತಾನೆ. ಪ್ರಮಾಣ ಮೀರಿದಾಗ ಉಸಿರಾಟವನ್ನು ನಡೆಸುವ ಮಿದುಳಿನ ಕೇಂದ್ರವೇ ಮಂಕಾಗುತ್ತದೆ. ಕೆಲಕಾಲ ಬಿಟ್ಟಿದ್ದು ಮತ್ತೆ ಹಳೆಯ ಪ್ರಮಾಣಕ್ಕೆ ಕೈಹಾಕುವವನಿಗೆ ಅಪಾಯ ಇನ್ನೂ ಅಧಿಕ. ಏಕೆಂದರೆ ಅದನ್ನು ತಾಳಿಕೊಳ್ಳುವ ಶಕ್ತಿ ಅಷ್ಟರಲ್ಲಿ ಕುಂದಿರುತ್ತದೆ. ಸ್ಟೇಲಿಯ ದೇಹದಲ್ಲಿ ಹೆರಾಯಿನ್ನಿನ ಜೊತೆಗೆ ಕೊಕೇನ್ ಕೂಡ ಇದ್ದಿತು. ಕೊಕೇನಿನ ಉದ್ರೇಕ ಹೆರಾಯಿನ್ನಿನ ಮಂಪರನ್ನು ಮರೆಮಾಡಿ, ತಾನು ಬೇಗ ಇಳಿದುಹೋದ ಮೇಲೆ ಉಸಿರನ್ನು ಅದರ ವಶಕ್ಕೆ ಒಪ್ಪಿಸಿಬಿಡುತ್ತದೆ. ಮೆಥಡೋನ್, ಬ್ಯುಪ್ರೆನಾರ್ಫಿನ್ ಮೊದಲಾದ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ದೀರ್ಘಕಾಲ ಕೊಡುವುದರಿಂದ ಇಂಥ ಸಾವುಗಳು ಗಣನೀಯವಾಗಿ ತಗ್ಗುತ್ತವೆ. ಅಂತಿರುವಾಗ ಇದನ್ನು ಬರಿಯ ಮನೋದೌರ್ಬಲ್ಯವೆಂದು ಕರೆದು ಕೈತೊಳೆದುಕೊಳ್ಳುವುದು ಅಜ್ಞಾನ.

ಮಾದಕದ್ರವ್ಯವೇ ಇವನಿಂದ ಹಾಡಿಸಿತೆಂಬ ಇನ್ನೊಂದು ಮಾತು ಇದೆ. ಅದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯ ಕೂಡ. ಅವನ ಕಡೆಯ ವರ್ಷಗಳನ್ನು ನೋಡಿದರೆ ಸಾಕು. 1996ರ ಏಪ್ರಿಲ್ 10ರಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಎಂಟಿವಿ ವಾಹಿನಿಗಾಗಿ ನಡೆದ ಕಛೇರಿಯಲ್ಲಿ ಅವನು ಕೃಶನಾಗಿ, ಕಪ್ಪು ಕನ್ನಡಕ ಧರಿಸಿ ಕುಳಿತು ಹಾಡಿದನು. ವಿದ್ಯುತ್ ಗಿಟಾರಿನ ಆರ್ಭಟವಿಲ್ಲದ ಆ ವೇದಿಕೆಯಲ್ಲಿ ಕಂಠದ ಪ್ರತಿಯೊಂದು ಬಿರುಕೂ ಕೇಳಿಸುತ್ತದೆ, ಆದರೂ ಶ್ರುತಿಯ ಮೇಲಣ ಅಧಿಕಾರ ತಪ್ಪಿಲ್ಲ. ಜುಲೈ 3ರಂದು ಕ್ಯಾನ್ಸಸ್ ಸಿಟಿಯಲ್ಲಿ ಕಡೆಯ ಕಛೇರಿ. ಅಕ್ಟೋಬರಿನಲ್ಲಿ, ಹಿಂದೆ ಅವನೊಡನೆ ವಿವಾಹ ನಿಶ್ಚಯವಾಗಿದ್ದ ತರುಣಿಯೂ ಮಾದಕದ್ರವ್ಯಕ್ಕೆ ಆಹುತಿಯಾದಳು. ಅಲ್ಲಿಂದ ಮುಂದೆ, 1998ರಲ್ಲಿ ಮುದ್ರಿಸಿದ ಬೆರಳೆಣಿಕೆಯ ಹಾಡುಗಳ ವಿನಾ, ಸುಮಾರು ಆರು ವರ್ಷಗಳ ಕಾಲ ಏನೂ ಇಲ್ಲ. ಹೆರಾಯಿನ್ನಿನ ಸ್ವಂತ ಕೃತಿಯೆಂದು ಹೇಳಬಹುದಾದದ್ದು ಈ ಶೂನ್ಯವೊಂದೇ. ಮಿಕ್ಕದ್ದೆಲ್ಲವೂ ಅದರ ಹಿಡಿತದಿಂದ ಅವನು ಕಿತ್ತು ತಂದದ್ದು.

ಸಾವಿನ ಸುದ್ದಿ ತಿಳಿದ ಮರುದಿನ ಸಿಯಾಟಲ್ ಸೆಂಟರಿನ ಕಾರಂಜಿಯ ಬಳಿ ಅಭಿಮಾನಿಗಳೂ ಸಹಕಲಾವಿದರೂ ನೆರೆದರು. ತಂಡವು ಮೌನವಾಯಿತು. 2005ರಲ್ಲಿ ಹಿಂದೂ ಮಹಾಸಾಗರದ ಸುನಾಮಿಯ ಸಂತ್ರಸ್ತರ ನೆರವಿಗಾಗಿ ಉಳಿದವರು ಒಂದುಗೂಡಿ ವೇದಿಕೆ ಏರಿದರು. ವಿಲಿಯಂ ಡುವಾಲ್ ಎಂಬ ಹೊಸ ಗಾಯಕನೊಡನೆ 2009ರಲ್ಲಿ ತಂದ ಆಲ್ಬಮ್ಮಿನ ಶೀರ್ಷಿಕೆಗೀತವನ್ನು ಕ್ಯಾಂಟ್ರೆಲ್ ಸ್ಟೇಲಿಯನ್ನು ನೆನೆದು ರಚಿಸಿದನು. ಅದಕ್ಕೆ ಪಿಯಾನೋ ನುಡಿಸಿದವನು ಎಲ್ಟನ್ ಜಾನ್. 2019ರಲ್ಲಿ ಆಗಸ್ಟ್ 22, ಅಂದರೆ ಅವನ ಜನ್ಮದಿನ, ಆ ನಗರದಲ್ಲಿ ಲೇಯ್ನ್ ಸ್ಟೇಲಿ ದಿನವೆಂದು ಘೋಷಿತವಾಯಿತು. ಅವನ ಹೆಸರಿನ ನಿಧಿಯು ವ್ಯಸನಿಗಳ ಚಿಕಿತ್ಸೆಗೆ ನೆರವಾಗುತ್ತ ಬಂದಿದೆ.

ಆದರೆ ಈ ಶೋಕದ ಭಾರವನ್ನು ಎಲ್ಲರಿಗಿಂತ ಹೆಚ್ಚಾಗಿ ಹೊತ್ತವನು ತಂಡದ ಹಿಂದಿನ ಬೇಸ್ ಗಿಟಾರ್ ವಾದಕ ಮೈಕ್ ಸ್ಟಾರ್. 2002ರ ಏಪ್ರಿಲ್ 4ರಂದು, ತನ್ನ ಹುಟ್ಟುಹಬ್ಬದ ದಿನ, ಅವನು ಸ್ಟೇಲಿಯ ಮನೆಯಲ್ಲಿದ್ದನು. ಗೆಳೆಯನ ದೇಹಸ್ಥಿತಿಯನ್ನು ಕಂಡು ಆಂಬ್ಯುಲೆನ್ಸ್ ಕರೆಯುವೆನೆಂದಾಗ, ಕರೆದರೆ ಸ್ನೇಹವೇ ಮುಗಿಯಿತೆಂದು ಸ್ಟೇಲಿ ಗದರಿದನು. ಮಾತಿಗೆ ಮಾತು ಬೆಳೆದು ಸ್ಟಾರ್ ಮುನಿಸಿಕೊಂಡು ಹೊರಟುಹೋದನು. ಅಂದು ಕರೆಯಲಿಲ್ಲವಲ್ಲ ಎಂಬ ಕೊರಗನ್ನು ಅವನು 2010ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ, ಮೃತನ ತಾಯಿಯ ಎದುರಿನಲ್ಲಿಯೇ ತೋಡಿಕೊಂಡನು. ಆಕೆ ಅವನ ಮೇಲೆ ದೋಷ ಹೊರಿಸಲಿಲ್ಲ. ಅದೇ ವರ್ಷ, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯವು, ಮಾದಕದ್ರವ್ಯ ಮಿತಿಮೀರಿ ಪ್ರಾಣಾಪಾಯದಲ್ಲಿರುವವನಿಗಾಗಿ ನೆರವು ಕೋರುವವರ ಮೇಲೂ ಆ ರೋಗಿಯ ಮೇಲೂ ದ್ರವ್ಯ ಇಟ್ಟುಕೊಂಡ ಆಪಾದನೆಯ ಮೊಕದ್ದಮೆ ಹೂಡಬಾರದೆಂಬ ಕಾನೂನನ್ನು ಜಾರಿಗೆ ತಂದಿತು; ಪೊಲೀಸರ ಭಯದಿಂದ ದೂರವಾಣಿ ಮುಟ್ಟದವರಿಗೆ ಅದರಿಂದ ಧೈರ್ಯ ಬಂದಿರಬಹುದು, ಗೆಳೆಯನ ಕೋಪಕ್ಕೆ ಅಂಜಿದವನಿಗೆ ಕಾನೂನು ಏನು ತಾನೇ ಮಾಡೀತು? ಸ್ಟಾರ್ ಕೂಡ ಬಹುಕಾಲದ ವ್ಯಸನಿ. 2011ರ ಮಾರ್ಚ್ 8ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ, ತನ್ನ 44ನೆಯ ವಯಸ್ಸಿನಲ್ಲಿ, ಅವನೂ ತೀರಿಕೊಂಡನು.